ನನ್ನ ಪ್ರಬಂಧವನ್ನು ಓದುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳವು. ಕೇಳಿದ್ದು ಬೇರೆ ಬೇರೆ, ತೊಡಕು ಮಾತ್ರ ಒಂದೇ: ಬರೆಯುತ್ತಿರುವುದು ಯಾರಿಗೆ ಎಂಬುದು ತೀರ್ಮಾನವಾಗದೆ ಮೊದಲ ಪುಟದಲ್ಲೇ ನಿಂತುಬಿಟ್ಟಿದ್ದಾರೆ. ಆದ್ದರಿಂದ ಕಾಗುಣಿತ, ಲೇಖನಚಿಹ್ನೆಗಳ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ದಯವಿಟ್ಟು ತಾಳಿಕೊಳ್ಳಬೇಕು. ಅಲ್ಪವಿರಾಮ ಎಲ್ಲಿಗೂ ಓಡಿಹೋಗುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಅರ್ಥಶಾಸ್ತ್ರ ಎಂ.ಎ. ಮೊದಲ ವರ್ಷದಲ್ಲಿದ್ದೇನೆ. ‘ಮಾಲ್ಥಸ್‌ನ ಜನಸಂಖ್ಯಾ ಸಿದ್ಧಾಂತ ಇಂದಿಗೆ ಎಷ್ಟು ಪ್ರಸ್ತುತ?’ ಎಂಬ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಕೊಟ್ಟವರು ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡಿದವರು. ಮಾಲ್ಥಸ್ ಏನು ಹೇಳಿದ ಎಂದು ಅವರಿಗೆ ನಾನು ಹೇಳಹೊರಡುವುದೇ ನಗೆಪಾಟಲು. ಹಾಗೆಂದು ಹಿಂದಿನ ಪ್ರಬಂಧದಲ್ಲಿ ವಿವರಣೆ ಬಿಟ್ಟಿದ್ದಕ್ಕೆ ಅಂಚಿನಲ್ಲಿ ‘ವಿವರಿಸಿ’ ಎಂದು ಬರೆದರು. ಅದಕ್ಕೂ ಮೊದಲಿನ ಪ್ರಬಂಧದಲ್ಲಿ ಎಲ್ಲವನ್ನೂ ವಿವರಿಸಿದ್ದಾಗ ‘ಇದು ಬೇಕಿರಲಿಲ್ಲ’ ಎಂದಿದ್ದರು. ಎದುರಿಗೆ ಯಾರಿದ್ದಾರೆಂದುಕೊಂಡು ಬರೆಯಲಿ?

ಉತ್ತರ: ಆ ಎರಡು ಟಿಪ್ಪಣಿಗಳು ಪರಸ್ಪರ ಜಗಳವಾಡುತ್ತಿಲ್ಲ. ನಿಮ್ಮ ಅಧ್ಯಾಪಕರು ನಿಮ್ಮ ಪ್ರಬಂಧವನ್ನು ತಮಗಾಗಿ ಓದುತ್ತಿಲ್ಲ. ಇನ್ನೊಬ್ಬರ ಪರವಾಗಿ ಓದುತ್ತಿದ್ದಾರೆ. ಆ ಇನ್ನೊಬ್ಬರು ಯಾರು ಎಂದು ನಿಮಗೆ ಯಾರೂ ಹೇಳಿಲ್ಲ. ವಿಶ್ವವಿದ್ಯಾಲಯಗಳು ಹೇಳಲು ಮರೆಯುವ ಸಂಗತಿಗಳಲ್ಲಿ ಇದು ಮುಖ್ಯವಾದದ್ದು.

ಅವರು ನಿಮ್ಮದೇ ತರಗತಿಯ ಒಬ್ಬ ಸಹಪಾಠಿ. ಬುದ್ಧಿವಂತೆ. ಬೇಡಿಕೆ, ಪೂರೈಕೆ, ಸೀಮಾಂತ ಉತ್ಪನ್ನ ಎಂದರೆ ಏನೆಂದು ನಿಮ್ಮಷ್ಟೇ ಬಲ್ಲಳು. ಆದರೆ ಈ ಅಸೈನ್‌ಮೆಂಟಿಗಾಗಿ ನೀವು ಓದಿದ್ದನ್ನು ಅವಳು ಓದಿಲ್ಲ, ಮತ್ತು ನೀವು ಹೇಳಿದಿರೆಂಬ ಒಂದೇ ಕಾರಣಕ್ಕೆ ಒಪ್ಪುವವಳಲ್ಲ. ಬರೆಯಬೇಕಾದದ್ದು ಅವಳಿಗೆ. ಅವಳಿಗೆ ಇದು ತಿಳಿಯುತ್ತದೆಯೇ, ತಿಳಿದ ಮೇಲೆ ಅವಳು ಒಪ್ಪುತ್ತಾಳೆಯೇ ಎಂಬುದನ್ನು ಅಧ್ಯಾಪಕರು ಪಕ್ಕದಲ್ಲಿ ಕುಳಿತು ನೋಡುತ್ತಾರೆ. ‘ವಿವರಿಸಿ’ ಎಂದರೆ ಅವಳಿಗೆ ಇಲ್ಲಿ ಕೊಂಡಿ ತಪ್ಪಿತು ಎಂದು. ‘ಇದು ಬೇಕಿರಲಿಲ್ಲ’ ಎಂದರೆ ಅವಳಿಗೆ ಇದು ಮೊದಲೇ ಗೊತ್ತಿತ್ತು, ಅಥವಾ ಗೊತ್ತಾಗಿ ಆಗಬೇಕಾದದ್ದೇನೂ ಇರಲಿಲ್ಲ ಎಂದು.

ಮಾಲ್ಥಸ್‌ನನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ನನ್ನ ಮೇಜಿಗೆ ಬರುವ ಪ್ರಬಂಧ ಹೀಗೆ ಶುರುವಾಗುತ್ತದೆ: ‘ಥಾಮಸ್ ರಾಬರ್ಟ್ ಮಾಲ್ಥಸ್ 1766ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದನು. ಅವನು ಪಾದ್ರಿಯೂ ಅರ್ಥಶಾಸ್ತ್ರಜ್ಞನೂ ಆಗಿದ್ದನು. 1798ರಲ್ಲಿ ಜನಸಂಖ್ಯೆಯನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದನು. ಅವನ ಪ್ರಕಾರ ಜನಸಂಖ್ಯೆ ಗುಣೋತ್ತರ ಶ್ರೇಢಿಯಲ್ಲೂ ಆಹಾರ ಸಮಾಂತರ ಶ್ರೇಢಿಯಲ್ಲೂ ಬೆಳೆಯುತ್ತವೆ.’

ಒಂದು ವಾಕ್ಯವೂ ತಪ್ಪಲ್ಲ. ಆದರೆ ಮಾಲ್ಥಸ್ 1766ರ ಬದಲು 1756ರಲ್ಲಿ ಹುಟ್ಟಿದ್ದರೆ ಮುಂದಿನ ವಾದದಲ್ಲಿ ಏನಾದರೂ ಬದಲಾಗುತ್ತಿತ್ತೇ? ಇಲ್ಲ. ಹಾಗಿದ್ದರೆ ಆ ವರ್ಷ ಅಲ್ಲಿರುವುದು ಓದುಗಳಿಗಾಗಿ ಅಲ್ಲ, ‘ನಾನು ಓದಿದ್ದೇನೆ ನೋಡಿ’ ಎಂದು ಅಂಕ ಕೊಡುವವರಿಗೆ ತೋರಿಸಲು. ಅಂಕ ಕೊಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಇನ್ನು ಇದನ್ನು ನೋಡಿ: ‘ಜನಸಂಖ್ಯೆ ಗುಣೋತ್ತರವಾಗಿ ಬೆಳೆಯುತ್ತದೆ, ಆಹಾರ ಸಮಾಂತರವಾಗಿ ಮಾತ್ರ ಬೆಳೆಯಬಲ್ಲದು ಎಂಬ ಮಾಲ್ಥಸ್‌ನ 1798ರ ವಾದದಲ್ಲಿ ಎರಡು ಊಹೆಗಳಿವೆ: ಒಂದು ಜನರ ಬಗ್ಗೆ, ಇನ್ನೊಂದು ನೆಲದ ಬಗ್ಗೆ. 1900ರಲ್ಲಿ ಸುಮಾರು 160 ಕೋಟಿಯಿದ್ದ ಜಗತ್ತಿನ ಜನಸಂಖ್ಯೆ 2000ದ ವೇಳೆಗೆ 600 ಕೋಟಿ ದಾಟಿತು. ಆಹಾರದ ಉತ್ಪಾದನೆ ಅದರಿಂದ ಹಿಂದೆ ಬೀಳಲಿಲ್ಲ. ಮುರಿದುಬಿದ್ದದ್ದು ನೆಲದ ಬಗೆಗಿನ ಊಹೆ. ಅದನ್ನು ಮುರಿದವುಗಳಲ್ಲಿ ಮುಖ್ಯವಾದದ್ದು ಗಾಳಿಯ ಸಾರಜನಕವನ್ನು ಅಮೋನಿಯಾ ಆಗಿಸಿ ಗೊಬ್ಬರಕ್ಕೆ ಒದಗಿಸುವ, 1913ರಲ್ಲಿ ಕಾರ್ಖಾನೆಯ ಮಟ್ಟಕ್ಕೆ ಬಂದ ಹೇಬರ್–ಬಾಷ್ ವಿಧಾನ ಎಂದು ಈ ಪ್ರಬಂಧ ವಾದಿಸುತ್ತದೆ.’

ಇಲ್ಲಿಯೂ ಮಾಲ್ಥಸ್ ಹೇಳಿದ್ದು ಇದೆ. ಅರ್ಧ ವಾಕ್ಯದಲ್ಲಿ ಇದೆ, ಮುಂದಿನ ಮಾತಿಗೆ ಕೈ ಕೊಟ್ಟುಕೊಂಡು ಇದೆ. ಪಿಎಚ್.ಡಿ. ಮಾಡಿದವರಿಗೂ ಇದು ಅವಮಾನವೆನಿಸದು. ಅವನ ವಾದದ ಯಾವ ಭಾಗವನ್ನು ನೀವು ಕೈಗೆತ್ತಿಕೊಂಡಿದ್ದೀರಿ ಎಂಬುದು ನೀವು ಹೇಳದೆ ಅವರಿಗೆ ಗೊತ್ತಾಗುವುದು ಸಾಧ್ಯವಿರಲಿಲ್ಲ.

ಇಷ್ಟು ಬರೆದ ಮೇಲೆ ಪೆನ್ನು ಕೆಳಗಿಟ್ಟು ಆ ಸಹಪಾಠಿಯ ಮುಖ ನೋಡಿ. ಅವಳು ಕೈ ಎತ್ತುತ್ತಾಳೆ: ‘ಹಲವು ದೇಶಗಳಲ್ಲಿ ಜನನ ಪ್ರಮಾಣವೇ ಇಳಿದುಹೋಗಿದೆಯಲ್ಲ, ಹಾಗಾದರೆ ಜನರ ಬಗೆಗಿನ ಊಹೆಯೂ ಬಿದ್ದಂತಲ್ಲವೇ?’ ಆ ಪ್ರಶ್ನೆಗೆ ಉತ್ತರವೇ ನಿಮ್ಮ ಮುಂದಿನ ಪ್ಯಾರಾ. ಪಕ್ಕದಲ್ಲಿರುವ ಅಧ್ಯಾಪಕರು ಇನ್ನೂ ಹರಿತವಾದ ಸಂದೇಹ ಎತ್ತಬಹುದು: ‘ಮದುವೆಯನ್ನು ಮುಂದೂಡುವ ಸಂಯಮದಿಂದ ಜನಸಂಖ್ಯೆ ಹತೋಟಿಗೆ ಬರಬಹುದು ಎಂಬ ಮಾತನ್ನು ಮಾಲ್ಥಸ್ ತಾನೇ 1803ರ ಆವೃತ್ತಿಯಲ್ಲಿ ಸೇರಿಸಿದ್ದಾನೆ. ಅದನ್ನು ಬಿಟ್ಟು ಅವನನ್ನು ಸೋಲಿಸುತ್ತಿದ್ದೀರಲ್ಲ?’ ಅದಕ್ಕೊಂದು ಪ್ಯಾರಾ. ಓದುಗರ ಪದವಿ, ಅನುಭವಗಳನ್ನು ನೆನೆದು ಬೆದರುವವರು ಏನನ್ನೂ ಬರೆಯಲಾರರು. ಓದುಗರ ಸಂದೇಹವನ್ನು ಊಹಿಸಬಲ್ಲವರಿಗೆ ಪ್ರಬಂಧದ ಅನುಕ್ರಮ ತಾನಾಗಿ ಸಿಗುತ್ತದೆ. ನಮ್ಮ ಶಾಸ್ತ್ರಕಾರರು ಇದನ್ನು ಕಡ್ಡಾಯವೆಂಬಂತೆ ಮಾಡುತ್ತಿದ್ದರು: ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ಆಕ್ಷೇಪ, ಅದೂ ಎದುರಾಳಿಯೇ ಮೆಚ್ಚುವಷ್ಟು ಗಟ್ಟಿಯಾಗಿ, ಆಮೇಲೆ ಸಿದ್ಧಾಂತ. ನಿಮ್ಮ ಸಹಪಾಠಿಗೆ ಪೂರ್ವಪಕ್ಷದ ಕೆಲಸ ವಹಿಸಿ.

ಪ್ರಶ್ನೆ: ಸರಳವಾಗಿ ಬರೆದರೆ ವಿಷಯ ಗೊತ್ತಿಲ್ಲ ಎಂದುಕೊಳ್ಳುತ್ತಾರೆ ಎಂಬ ಭಯ. ತೂಕದ ಪದಗಳನ್ನು ಹಾಕಿದರೆ ಪರೀಕ್ಷಕರ ಮೇಲೆ ಪರಿಣಾಮ ಆಗುವುದಿಲ್ಲವೇ?

ಉತ್ತರ: ಆಗುತ್ತದೆ, ನೀವು ಬಯಸಿದ್ದರ ಉಲ್ಟಾ. ಡೇನಿಯಲ್ ಒಪನ್‌ಹೈಮರ್ ಎಂಬ ಮನೋವಿಜ್ಞಾನಿ 2006ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಒಂದೇ ಬರಹದಲ್ಲಿ ಅನಗತ್ಯವಾಗಿ ಕಠಿಣ ಪದಗಳನ್ನು ತುಂಬಿದಾಗ, ಓದಿದವರು ಬರೆದವರನ್ನು ಕಡಿಮೆ ಬುದ್ಧಿಯವರೆಂದು ಅಂದಾಜು ಮಾಡಿದರು. ಈ ಸಂಶೋಧನೆಗೆ ಅದೇ ವರ್ಷ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿಯೂ ಬಂತು. ಫಲಿತಾಂಶ ಮಾತ್ರ ತಮಾಷೆಯದಲ್ಲ. ಶಾಸ್ತ್ರದ ಪಾರಿಭಾಷಿಕ ಪದ ಬೇಕಾದಲ್ಲಿ ಬಳಸಿ, ಅದಕ್ಕೆ ಬದಲಿ ಇಲ್ಲ. ‘ಮಾಡಿದರು’ ಎನ್ನಬಹುದಾದ ಕಡೆ ‘ಕಾರ್ಯಾನುಷ್ಠಾನಗೊಳಿಸಲ್ಪಟ್ಟಿತು’ ಎಂದು ಬರೆದವರನ್ನು ನಾನಂತೂ ಕ್ಷಮಿಸುವುದಿಲ್ಲ.

ಪ್ರಶ್ನೆ: ಬಿ.ಎಸ್ಸಿ. ಓದುತ್ತಿದ್ದೇನೆ. ಲ್ಯಾಬ್ ರೆಕಾರ್ಡಿನಲ್ಲಿ ‘ವಿಧಾನ’ ಎಂಬ ಭಾಗ ಯಾಕೆ ಬೇಕು ಎಂದೇ ಅರ್ಥವಾಗುವುದಿಲ್ಲ. ತರಗತಿಯ ಎಲ್ಲರೂ ಅದೇ ಸರಳ ಲೋಲಕವನ್ನು ತೂಗಾಡಿಸಿ ಅದೇ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕುತ್ತೇವೆ. ಅಧ್ಯಾಪಕರು ಪಕ್ಕದಲ್ಲೇ ನಿಂತು ನೋಡಿರುತ್ತಾರೆ. ಯಾರಿಗೆ ಹೇಳುತ್ತಿದ್ದೇವೆ?

ಉತ್ತರ: ಕೋಣೆಯಲ್ಲಿ ಇಲ್ಲದಿದ್ದವರಿಗೆ. 17ನೆಯ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ತನ್ನ ಗಾಳಿ ಪಂಪಿನ ಪ್ರಯೋಗಗಳನ್ನು ಬರೆಯುವಾಗ, ಕೈಕೊಟ್ಟ ಪ್ರಯತ್ನಗಳನ್ನೂ ಸೇರಿಸಿ ಉದ್ದುದ್ದ ವಿವರ ಕೊಟ್ಟ. ಪಂಪನ್ನು ಕಣ್ಣಾರೆ ಕಾಣದವರೂ ಕಂಡಷ್ಟೇ ನಂಬಿಕೆಯಿಂದ ಮಾತಾಡುವಂತಾಗಬೇಕು ಎಂಬುದು ಅವನ ಆಸೆ. ವೈಜ್ಞಾನಿಕ ವರದಿಯ ಓದುಗ ಆಗಿನಿಂದ ಇಂದಿನವರೆಗೂ ಅವನೇ: ನಿಮ್ಮ ಪುಟವೊಂದನ್ನೇ ಕೈಯಲ್ಲಿ ಹಿಡಿದು ಬೇರೆಲ್ಲೋ ಇದೇ ಪ್ರಯೋಗ ಮಾಡಿ ನೋಡುವವನು.

ಅವನಿಗೆ 9.8 ಬದಲು 9.6 ಬಂತು ಎನ್ನಿ. ಕಾರಣ ಹುಡುಕಲು ನಿಮ್ಮ ಪುಟಕ್ಕೆ ಮರಳುತ್ತಾನೆ. ದಾರದ ಉದ್ದವನ್ನು ಗುಂಡಿನ ಮೇಲ್ತುದಿಯವರೆಗೆ ಅಳೆದಿರೋ, ನಡುಬಿಂದುವಿನವರೆಗೋ? ಒಂದು ಸೆಂಟಿಮೀಟರ್ ತ್ರಿಜ್ಯದ ಗುಂಡು, ಐವತ್ತು ಸೆಂಟಿಮೀಟರ್ ಲೋಲಕ ಎಂದರೆ ಆ ಒಂದು ನಿರ್ಲಕ್ಷ್ಯದಿಂದಲೇ ಶೇ 2ರಷ್ಟು ಕಡಿಮೆ ಉತ್ತರ ಬರುತ್ತದೆ; 9.8 ಹೋಗಿ 9.6 ಆಗುತ್ತದೆ. ಒಂದೇ ಆಂದೋಲನಕ್ಕೆ ಸ್ಟಾಪ್‌ವಾಚ್ ಒತ್ತಿದಿರೋ, ಇಪ್ಪತ್ತು ಆಂದೋಲನಗಳಿಗೆ ಒತ್ತಿ ಭಾಗಿಸಿದಿರೋ? ಬೆರಳು ತಡವಾಗುವ ಸೆಕೆಂಡಿನ ಐದನೆಯ ಒಂದು ಭಾಗ ಇಪ್ಪತ್ತರಲ್ಲಿ ಹಂಚಿಹೋದರೆ ನೂರನೆಯ ಒಂದು ಭಾಗವಾಗುತ್ತದೆ. ಲೋಲಕವನ್ನು ಎಷ್ಟು ಕೋನಕ್ಕೆ ಎಳೆದು ಬಿಟ್ಟಿರಿ? ಇವು ಬೇಕು. ದಾರದ ಬಣ್ಣ ಬೇಡ, ‘ಅಧ್ಯಾಪಕರ ಸೂಚನೆಯಂತೆ’ ಬೇಡ, ಪಠ್ಯಪುಸ್ತಕದಿಂದ ಇಳಿಸಿಕೊಂಡ ಸೂತ್ರದ ಸಾಧನೆಯಂತೂ ಖಂಡಿತ ಬೇಡ, ನಿಮ್ಮ ವಿಭಾಗ ಅದನ್ನು ಬೇಕೆಂದೇ ಕೇಳಿರದಿದ್ದರೆ. ಏನು ಬದಲಾದರೆ ಉತ್ತರ ಬದಲಾಗುತ್ತದೆಯೋ ಅದಕ್ಕೆ ಪುಟದಲ್ಲಿ ಜಾಗ ಕೊಡಿ.

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ ನಾನು. ಒಂದು ಅಧ್ಯಾಯವನ್ನು ತಿದ್ದಿ ತಿದ್ದಿ ಮಾರ್ಗದರ್ಶಕರಿಗೆ ಕೊಟ್ಟೆ. ‘ಸ್ಪಷ್ಟವಾಗಿಲ್ಲ’ ಎಂದು ಹಿಂದಿರುಗಿಸಿದರು. ಎಷ್ಟು ಸಲ ಓದಿದರೂ ನನಗೆ ಅದರಲ್ಲಿ ಅಸ್ಪಷ್ಟವಾದದ್ದು ಕಾಣುತ್ತಿಲ್ಲ. ಅವರು ಸರಿಯಾಗಿ ಓದಿಲ್ಲ ಎಂದು ಅನುಮಾನ.

ಉತ್ತರ: ಓದದೆಯೂ ಇರಬಹುದು, ಮಾರ್ಗದರ್ಶಕರೂ ಮನುಷ್ಯರೇ. ಆದರೂ ಒಂದು ಪ್ರಯೋಗದ ಕಥೆ ಕೇಳಿ. ಎಲಿಜಬೆತ್ ನ್ಯೂಟನ್ ಎಂಬಾಕೆ 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ತಮ್ಮ ಪಿಎಚ್.ಡಿ.ಗಾಗಿ ಮಾಡಿದ್ದು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಬಾರಿಸಬೇಕು, ಎದುರಿಗಿದ್ದವರು ಹಾಡು ಯಾವುದೆಂದು ಹೇಳಬೇಕು. ಸುಮಾರು ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂದು ಬಾರಿಸಿದವರ ನಿರೀಕ್ಷೆ. ಬಾರಿಸಿದ್ದು 120 ಹಾಡು, ಕೇಳಿದವರು ಗುರುತಿಸಿದ್ದು ಮೂರು. ಬಾರಿಸುವವರ ಕಿವಿಯಲ್ಲಿ ರಾಗ, ಸಾಹಿತ್ಯ ಎಲ್ಲವೂ ಮೊಳಗುತ್ತಿತ್ತು. ಕೇಳುವವರಿಗೆ ಬರೀ ಟಕಟಕ.

ನಿಮ್ಮ ಅಧ್ಯಾಯವನ್ನು ನೀವು ಓದುವಾಗಲೂ ಪುಟದಲ್ಲಿಲ್ಲದ ಎಷ್ಟೋ ಮಾತುಗಳು ನಿಮ್ಮ ತಲೆಯಲ್ಲಿ ಕೇಳಿಸುತ್ತಿರುತ್ತವೆ. ‘ಆದ್ದರಿಂದ’ ಎಂದು ಬರೆದಿದ್ದೀರಿ. ಯಾವುದರಿಂದ ಎಂಬುದು ನಿಮಗೆ ಗೊತ್ತು. ‘ಈ ವಿಧಾನ’ ಎಂದಿದ್ದೀರಿ. ಹಿಂದಿನ ಪುಟದಲ್ಲಿ ಮೂರು ವಿಧಾನಗಳಿವೆ. ಇನ್ನಷ್ಟು ಸಲ ಓದಿದರೆ ಇದು ಕಾಣುವುದಿಲ್ಲ, ಯಾಕೆಂದರೆ ಓದುತ್ತಿರುವುದು ಅದೇ ಕಿವಿ.

ಮಾಡಬೇಕಾದದ್ದು ಇಷ್ಟು. ನಿಮ್ಮ ವಿಭಾಗದ, ಆದರೆ ನಿಮ್ಮ ವಿಷಯದವರಲ್ಲದ ಒಬ್ಬರನ್ನು ಹಿಡಿಯಿರಿ. ಎರಡೇ ಪುಟ ಕೊಡಿ, ಗಟ್ಟಿಯಾಗಿ ಓದಿಸಿ. ಎಲ್ಲಿ ತಡವರಿಸಿದರು, ಎಲ್ಲಿ ಹಿಂದಿನ ಸಾಲಿಗೆ ಕಣ್ಣು ಹೋಯಿತು ಎಂದು ಗುರುತು ಹಾಕಿಕೊಳ್ಳಿ. ಮುಗಿದ ಮೇಲೆ ‘ಹೇಗಿದೆ?’ ಎಂದು ಮಾತ್ರ ಕೇಳಬೇಡಿ; ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ‘ಇಲ್ಲಿ ನಾನೇನು ವಾದಿಸುತ್ತಿದ್ದೇನೆ, ನಿಮ್ಮ ಮಾತಿನಲ್ಲಿ ಹೇಳಿ’ ಎನ್ನಿ. ಅವರು ಹೇಳುವಾಗ ‘ಹಾಗಲ್ಲ, ನಾನು ಹೇಳಬಂದದ್ದು...’ ಎಂದು ಬಾಯಿ ಹಾಕುವ ಆಸೆ ಬರುತ್ತದೆ. ಆ ಮಾತನ್ನು ನುಂಗಿಕೊಂಡು ಮನೆಗೆ ಹೋಗಿ ಬರೆದಿಡಿ. ಪುಟದಲ್ಲಿ ಇಲ್ಲದಿದ್ದ ವಾಕ್ಯ ಬಹುತೇಕ ಅದೇ ಆಗಿರುತ್ತದೆ.

ಪ್ರಶ್ನೆ: ‘ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ’ ಎಂದು ಎಲ್ಲರೂ ಹೇಳುತ್ತಾರೆ. ಇಟ್ಟುಕೊಂಡರೆ ನನಗೆ ಒಂದು ಸಾಲೂ ಬರುವುದಿಲ್ಲ. ಬರೆಯುವ ಮೊದಲೇ ಅವರ ಕೆಂಪು ಪೆನ್ನು ಕಾಣುತ್ತದೆ.

ಉತ್ತರ: ಹಾಗಾದರೆ ಇಟ್ಟುಕೊಳ್ಳಬೇಡಿ. ಬರವಣಿಗೆ ಕಲಿಸುವುದರಲ್ಲಿ ದೊಡ್ಡ ಹೆಸರಾದ ಪೀಟರ್ ಎಲ್ಬೊ 1987ರಲ್ಲಿ ಇದನ್ನೇ ವಾದಿಸಿ ಒಂದು ಲೇಖನ ಬರೆದರು. ಕೆಲವು ಓದುಗರು ನಮ್ಮಿಂದ ಮಾತು ಹೊರಡಿಸುತ್ತಾರೆ, ಕೆಲವರು ಬಾಯಿ ಕಟ್ಟಿಸುತ್ತಾರೆ. ಬಾಯಿ ಕಟ್ಟಿಸುವವರನ್ನು ಮೊದಲ ಕರಡಿನ ಹೊತ್ತಿಗೆ ಹೊರಗಿಡಿ, ತಿದ್ದುವಾಗ ಒಳಗೆ ಕರೆಯಿರಿ ಎಂಬುದು ಅದರ ತಿರುಳು. ನನಗೆ ಇದು ಪೂರ್ತಿ ಒಪ್ಪಿಗೆ.

ಆದರೆ ‘ತಿದ್ದುವಾಗ ಕರೆಯಿರಿ’ ಎಂಬ ಎರಡನೆಯ ಭಾಗವನ್ನು ಅನುಕೂಲಕ್ಕೆ ಮರೆಯುವವರೇ ಹೆಚ್ಚು. ನಿಮಗಾಗಿ ಬರೆದುಕೊಂಡ ಕರಡು ನೀವು ಯೋಚಿಸಿದ ಕ್ರಮದಲ್ಲಿರುತ್ತದೆ: ಮೊದಲು ಇದನ್ನು ಓದಿದೆ, ಆಮೇಲೆ ಅದು ಸಿಕ್ಕಿತು, ಕೊನೆಗೆ ಹೀಗನಿಸಿತು. ಲಿಂಡಾ ಫ್ಲವರ್ ಎಂಬ ವಿದ್ವಾಂಸೆ 1979ರಲ್ಲಿ ಇಂಥದ್ದನ್ನು ಬರಹಗಾರ ಕೇಂದ್ರಿತ ಗದ್ಯ ಎಂದು ಗುರುತಿಸಿದರು. ಅದು ದೋಷವಲ್ಲ, ಒಂದು ಹಂತ ಎಂದೂ ಹೇಳಿದರು. ಓದುಗರಿಗೆ ಬೇಕಾದದ್ದು ನಿಮ್ಮ ಪ್ರಯಾಣದ ದಿನಚರಿಯಲ್ಲ, ನೀವು ತಲುಪಿದ ಜಾಗ. ಹಾಗಾಗಿ ಕರಡಿನ ಕೊನೆಯ ಪ್ಯಾರಾವನ್ನು ಒಮ್ಮೆ ಮೊದಲಿಗೆ ತಂದು ನೋಡಿ. ಅಲ್ಲಿಂದ ಮುಂದಕ್ಕೆ ಯಾವುದು ಬೇಕು, ಯಾವುದು ಬೇಡ ಎಂಬುದು ಬೇಗ ಬಗೆಹರಿಯುತ್ತದೆ.

ವಾಕ್ಯದ ಮಟ್ಟಕ್ಕೆ ಬಂದಾಗ ಒಂದು ಸಣ್ಣ ಉಪಾಯ. ಓದುಗರಿಗೆ ಈಗಾಗಲೇ ಗೊತ್ತಿರುವುದು ವಾಕ್ಯದ ಮೊದಲಿಗೆ ಬರಲಿ, ಹೊಸದು ಕೊನೆಯ ಹತ್ತಿರ ಇರಲಿ. ಕನ್ನಡದಲ್ಲಿ ಒತ್ತು ಬೀಳುವ ಜಾಗ ಸಾಮಾನ್ಯವಾಗಿ ಕ್ರಿಯಾಪದದ ತೀರ ಹಿಂದಿನದು. ‘ಹೇಬರ್–ಬಾಷ್ ವಿಧಾನ ಈ ಊಹೆಯನ್ನು ಮುರಿಯಿತು’ ಎಂದರೆ ಒತ್ತು ಊಹೆಯ ಮೇಲೆ. ‘ಈ ಊಹೆಯನ್ನು ಹೇಬರ್–ಬಾಷ್ ವಿಧಾನ ಮುರಿಯಿತು’ ಎಂದರೆ ವಿಧಾನದ ಮೇಲೆ. ಹಿಂದಿನ ವಾಕ್ಯ ಯಾವುದರ ಬಗ್ಗೆ ಇತ್ತೋ ಅದನ್ನು ನೋಡಿ ಆರಿಸಿಕೊಳ್ಳಿ. ಕೆಂಪು ಪೆನ್ನಿನವರು ‘ಓಟ ಇಲ್ಲ’ ಎಂದು ಬರೆಯುವ ಎಷ್ಟೋ ಕಡೆ ತಪ್ಪಿರುವುದು ಇಷ್ಟೇ.

ಪ್ರಶ್ನೆ: 19ನೆಯ ಶತಮಾನದ ಬರಗಾಲಗಳು ಮತ್ತು ಧಾನ್ಯದ ಬೆಲೆಗಳ ಬಗ್ಗೆ ಮಹಾಪ್ರಬಂಧ ಬರೆಯುತ್ತಿದ್ದೇನೆ. ಮೌಲ್ಯಮಾಪಕರಲ್ಲಿ ಒಬ್ಬರು ಇತಿಹಾಸದವರು, ಇನ್ನೊಬ್ಬರು ಅರ್ಥಶಾಸ್ತ್ರದವರು ಆಗಲಿದ್ದಾರೆ ಎಂದು ಗೊತ್ತಾಗಿದೆ. ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ಬೇಸರ. ಇಬ್ಬರಿಗೂ ಆಗುವಂತೆ ಮಧ್ಯದ ದಾರಿ ಇದೆಯೇ?

ಉತ್ತರ: ಮಧ್ಯದ ದಾರಿ ಹಿಡಿದರೆ ಇಬ್ಬರಿಗೂ ಬೇಸರ. ಇಬ್ಬರ ಸಂದೇಹಗಳೂ ಬೇರೆ. ಎರಡಕ್ಕೂ ಪ್ರತ್ಯೇಕವಾಗಿ ಉತ್ತರ ಕೊಡಿ, ಆದರೆ ಚಿಕ್ಕದಾಗಿ.

ನಿಮ್ಮ ಬೆಲೆಗಳ ಪಟ್ಟಿಯನ್ನು ನೋಡಿದೊಡನೆ ಇತಿಹಾಸದವರು ಕೇಳುವುದು: ಈ ಬೆಲೆಯನ್ನು ಬರೆದಿಟ್ಟವರು ಯಾರು, ಯಾವ ಕೆಲಸಕ್ಕಾಗಿ, ಹೆಚ್ಚು ತೋರಿಸಿದರೆ ಅವರಿಗೆ ಲಾಭವಿತ್ತೇ, ಕಡಿಮೆ ತೋರಿಸಿದರೇ? ಅರ್ಥಶಾಸ್ತ್ರದವರು ಕೇಳುವುದು: ಎಷ್ಟು ಮಾರುಕಟ್ಟೆಗಳ ಬೆಲೆ, ಬಿಟ್ಟುಹೋದ ತಿಂಗಳುಗಳೆಷ್ಟು, ಬರವಿಲ್ಲದ ವರ್ಷದೊಡನೆ ಹೋಲಿಸಿದ್ದೀರಾ, ಬೆಲೆ ಏರಿದ್ದು ಮಳೆ ಕೈಕೊಟ್ಟಿದ್ದಕ್ಕೋ ಬೇರೆ ಕಾರಣಕ್ಕೋ? ದಾಖಲೆಯೊಂದು ಮೊದಲ ಸಲ ಬಂದಾಗ ಅದರ ಹುಟ್ಟಿನ ಬಗ್ಗೆ ಎರಡು ವಾಕ್ಯ, ಅಂಕಿಯೊಂದು ಮೊದಲ ಸಲ ಬಂದಾಗ ಅದನ್ನು ಯಾವುದರ ಎದುರು ಅಳೆಯಬೇಕು ಎಂಬುದಕ್ಕೆ ಎರಡು ವಾಕ್ಯ. ಇದು ಅಭ್ಯಾಸವಾದರೆ ಪ್ರಬಂಧ ಉಬ್ಬುವುದಿಲ್ಲ.

ಸಿದ್ಧಾಂತಗಳ ವಿಷಯದಲ್ಲೂ ಹಾಗೆಯೇ. ಬರಗಾಲದ ಚರ್ಚೆಯಲ್ಲಿ ಅಮರ್ತ್ಯ ಸೇನ್ ಹೆಸರು ಬರದೆ ಇರದು. ಅರ್ಥಶಾಸ್ತ್ರದವರಿಗೆ ಹೆಸರೇ ಸಾಕು. ಇತಿಹಾಸದವರಿಗೂ ಗೊತ್ತಿರಬಹುದು, ಆದರೆ ಅದೇ ಅವರ ನಿತ್ಯದ ಕಸುಬಲ್ಲ. ‘ಆಹಾರವೇ ಇಲ್ಲದಿರುವುದರಿಂದ ಮಾತ್ರವಲ್ಲ, ಇರುವ ಆಹಾರವನ್ನು ಪಡೆದುಕೊಳ್ಳುವ ಶಕ್ತಿ ಜನರ ಕೈತಪ್ಪುವುದರಿಂದಲೂ ಬರಗಾಲ ಬರಬಹುದು ಎಂದು 1981ರಲ್ಲಿ ಸೇನ್ ಮಂಡಿಸಿದ ವಾದವನ್ನು ಈ ಬೆಲೆಗಳ ಮೇಲೆ ಪರೀಕ್ಷಿಸಿದರೆ’ ಎಂದು ಬರೆಯಿರಿ. ಗೊತ್ತಿಲ್ಲದವರಿಗೆ ವಿವರಣೆ ಸಿಕ್ಕಿತು. ಗೊತ್ತಿದ್ದವರು ನಿಲ್ಲದೆ ಮುಂದಕ್ಕೆ ಹೋದರು. ‘ಸೇನ್ ಅವರ ಸಿದ್ಧಾಂತ: ಒಂದು ಪರಿಚಯ’ ಎಂಬ ಹದಿನೈದು ಪುಟದ ಅಧ್ಯಾಯ ತೆರೆದಿರೋ, ಇಬ್ಬರೂ ಅದನ್ನು ತಿರುವಿಹಾಕುತ್ತಾರೆ.

ಇನ್ನೊಂದು ಮಾತು. ಹಿಂದಿನ ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅನುಬಂಧ ಚತುಷ್ಟಯ ಎಂಬುದೊಂದು ಇರುತ್ತಿತ್ತು. ವಿಷಯ ಏನು, ಪ್ರಯೋಜನ ಏನು, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧ ಏನು, ಮತ್ತು ಅಧಿಕಾರಿ ಯಾರು. ಅಂದರೆ ಯಾವ ಸಿದ್ಧತೆಯುಳ್ಳವರು ಇದನ್ನು ಓದಬಹುದು. ಈ ನಾಲ್ಕನೆಯದನ್ನು ನಮ್ಮ ಮಹಾಪ್ರಬಂಧಗಳ ಪೀಠಿಕೆಗಳು ಕೈಬಿಟ್ಟಿವೆ. ನೀವು ಮರಳಿ ತನ್ನಿ. ‘ಸಂಖ್ಯಾಶಾಸ್ತ್ರದ ಹಿನ್ನೆಲೆ ಇಲ್ಲದವರು ನಾಲ್ಕನೆಯ ಅಧ್ಯಾಯದ ಕೋಷ್ಟಕಗಳನ್ನು ದಾಟಿ ಅದರ ಕೊನೆಯ ಭಾಗವನ್ನು ನೇರವಾಗಿ ಓದಬಹುದು’ ಎಂದು ಪೀಠಿಕೆಯಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಇತಿಹಾಸದವರು ನಿಮ್ಮನ್ನು ಹರಸುತ್ತಾರೆ. ಮೌಖಿಕ ಪರೀಕ್ಷೆಯ ಮೊದಲ ಕಾಲು ಗಂಟೆ ಸಲೀಸಾಗುತ್ತದೆ.

ಪ್ರಶ್ನೆ: ಅಧ್ಯಾಪಕರಿಗೆ ಇಮೇಲ್ ಬರೆಯುವುದೂ ಬರವಣಿಗೆಯೇ ತಾನೇ? ಗಡುವು ವಿಸ್ತರಿಸಿ ಎಂದು ಕೇಳಿದ್ದಕ್ಕೆ ಉತ್ತರವೇ ಬಂದಿಲ್ಲ.

ಉತ್ತರ: ನೀವು ಲಗತ್ತಿಸಿದ ಇಮೇಲ್ ಓದಿದೆ. ಕ್ಷೇಮ ಸಮಾಚಾರದಿಂದ ತೊಡಗಿ ಐದನೆಯ ಪ್ಯಾರಾದಲ್ಲಿ ವಿಷಯಕ್ಕೆ ಬಂದಿದ್ದೀರಿ. ಯಾವ ಪತ್ರಿಕೆ, ಯಾವ ಅಸೈನ್‌ಮೆಂಟ್ ಎಂಬುದು ಎಲ್ಲಿಯೂ ಇಲ್ಲ. ನಿಮ್ಮ ಓದುಗರಿಗೆ ನಾಲ್ಕು ತರಗತಿಗಳಿರುತ್ತವೆ, ಓದುವುದು ಮೊಬೈಲಿನಲ್ಲಿ, ಅದೂ ಕಾರಿಡಾರಿನಲ್ಲಿ ನಡೆಯುತ್ತ. ವಿಷಯದ ಸಾಲಿನಲ್ಲಿ ಪತ್ರಿಕೆಯ ಹೆಸರು ಮತ್ತು ‘ಗಡುವು ವಿಸ್ತರಣೆಗೆ ಮನವಿ’. ಮೊದಲ ವಾಕ್ಯದಲ್ಲಿ ಯಾವ ದಿನದವರೆಗೆ ಬೇಕು. ಎರಡನೆಯದರಲ್ಲಿ ಕಾರಣ. ಕೊನೆಗೆ ಹೆಸರು, ನೋಂದಣಿ ಸಂಖ್ಯೆ. ‘ಆಗಲಿ’ ಎಂಬ ಒಂದೇ ಪದದಲ್ಲಿ ಉತ್ತರಿಸಬಹುದಾದ ಇಮೇಲಿಗೆ ಉತ್ತರ ಬೇಗ ಬರುತ್ತದೆ.

ಪ್ರಶ್ನೆ: ಮೇಡಂ, ನಾನು ಹೊಸದಾಗಿ ಸೇರಿದ ಉಪನ್ಯಾಸಕ, ಪರಿಸರ ವಿಜ್ಞಾನ ಕಲಿಸುತ್ತೇನೆ. ಮಾಲಿನ್ಯದ ಬಗ್ಗೆ ಬರೆಯಿರಿ ಎಂದರೆ ‘ಮನುಷ್ಯ ಸಂಘಜೀವಿ’ ಎಂದು ತೊಡಗುತ್ತಾರೆ. ತಪ್ಪಿದರೆ ‘ಇಂದಿನ ಆಧುನಿಕ ಯುಗದಲ್ಲಿ’. ಓದುಗರ ಪ್ರಜ್ಞೆಯನ್ನು ಇವರಲ್ಲಿ ಮೂಡಿಸುವುದು ಹೇಗೆ?

ಉತ್ತರ: ಇಷ್ಟು ಹೊತ್ತು ವಿದ್ಯಾರ್ಥಿಗಳನ್ನು ಗದರಿಸಿದ್ದಾಯಿತು, ಈಗ ನಿಮ್ಮ ಸರದಿ. ‘ಜಲಮಾಲಿನ್ಯ: ಚರ್ಚಿಸಿ’ ಎಂದು ನೀವು ಕೇಳಿದ್ದೀರಿ. ಯಾರೊಡನೆ ಚರ್ಚಿಸಬೇಕು? ಓದುಗರಿಲ್ಲದ ಪ್ರಶ್ನೆಗೆ ಓದುಗರಿಲ್ಲದ ಉತ್ತರ ಬರುತ್ತದೆ. ಎದುರಿಗೆ ಯಾರೂ ಇಲ್ಲದಾಗ ಮನುಷ್ಯ ಸಂಘಜೀವಿ ಎಂದಲ್ಲದೆ ಇನ್ನೇನು ಹೇಳಲು ಸಾಧ್ಯ ಪಾಪ.

ಪ್ರಶ್ನೆಯೊಳಗೇ ಓದುಗರನ್ನು ಕೂರಿಸಿ. ಕಾರ್ಖಾನೆಯೊಂದರ ತ್ಯಾಜ್ಯನೀರಿನ ಪರೀಕ್ಷೆಯ ಹಾಳೆ ಕೊಡಿ. ನೀವೇ ಅಂಕಿಗಳನ್ನು ಹಾಕಿ ತಯಾರಿಸಿದ್ದಾದರೂ ಸರಿ. ಅದರಲ್ಲಿ ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಲೀಟರಿಗೆ 300 ಮಿಲಿಗ್ರಾಂ ಎಂದಿದೆ. ಒಂದೇ ಹಾಳೆಯ ಮೇಲೆ ಇಬ್ಬರಿಗೆ ಬರೆಯಲು ಹೇಳಿ. ಮೊದಲನೆಯದು ಶುದ್ಧೀಕರಣ ಘಟಕ ನಡೆಸುವ ಎಂಜಿನಿಯರಿಗೆ ಅರ್ಧ ಪುಟ. ಎರಡನೆಯದು ವಿಜ್ಞಾನ ಓದಿರದ, ಆದರೆ ಆ ಕಾರ್ಖಾನೆಗೆ ಪರವಾನಗಿ ಕೊಡಬೇಕೋ ಬೇಡವೋ ಎಂದು ಮತ ಹಾಕಬೇಕಾದ ನಗರಸಭೆ ಸದಸ್ಯರಿಗೆ ಒಂದು ಪುಟ. ಎಂಜಿನಿಯರಿಗೆ ಬಿಒಡಿ ಎಂದರೇನೆಂದು ವಿವರಿಸಿದವರಿಗೆ ಅಂಕ ಕಡಿಮೆ. ಮಾದರಿಯನ್ನು ಎಷ್ಟು ದಿನ, ಎಷ್ಟು ಉಷ್ಣತೆಯಲ್ಲಿ ಇಟ್ಟು ಅಳೆದದ್ದು ಎಂದು ಹೇಳದವರಿಗೂ ಕಡಿಮೆ. ನಗರಸಭೆ ಸದಸ್ಯರಿಗೆ, ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುವಾಗ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತವೆ ಎಂಬುದರ ಅಳತೆ ಇದು, ಅಷ್ಟು ಆಮ್ಲಜನಕ ಹೋದರೆ ಮೀನಿಗೆ ಉಳಿಯುವುದಿಲ್ಲ ಎಂದು ಹೇಳಿದವರಿಗೆ ಹೆಚ್ಚು. ಹೇಳಿ, ಆ 300 ಎಂಬುದು ಅನುಮತಿಯಿರುವ ಮಿತಿಗಿಂತ ಎಷ್ಟು ಪಟ್ಟು ಎಂದು ಲೆಕ್ಕ ಹಾಕಿ ತೋರಿಸಿದವರಿಗೆ ಇನ್ನೂ ಹೆಚ್ಚು.

ಎರಡನ್ನೂ ಅಕ್ಕಪಕ್ಕ ಇಟ್ಟು ತರಗತಿಯಲ್ಲಿ ಓದಿಸಿ. ಯಾವ ಅಂಕಿ ಎರಡರಲ್ಲೂ ಉಳಿಯಿತು, ಯಾವುದು ಒಂದರಲ್ಲಿ ಮಾತ್ರ ಬಂತು ಎಂದು ಅವರೇ ಹೇಳಲಿ. ನಿಮ್ಮ ಉಪನ್ಯಾಸ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ನಗರಸಭೆ ಸದಸ್ಯರಿಗೆ ಬರೆಯಿರಿ ಎಂದು ಹೇಳಿ, ಅಂಕ ಕೊಡುವಾಗ ‘ಪಾರಿಭಾಷಿಕ ಪದಗಳ ಬಳಕೆ ಸಾಲದು’ ಎಂದು ಬರೆಯಬೇಡಿ. ನಿಜವಾದ ಓದುಗ ಯಾರೆಂದು ವಿದ್ಯಾರ್ಥಿಗಳು ಪತ್ತೆ ಹಚ್ಚುವುದು ನಿಮ್ಮ ಪ್ರಶ್ನೆಪತ್ರಿಕೆಯಿಂದಲ್ಲ, ಹಿಂದಿರುಗಿಸಿದ ಉತ್ತರಪತ್ರಿಕೆಯ ಅಂಚಿನಿಂದ. ಮುಂದಿನ ಸೆಮಿಸ್ಟರಿನಲ್ಲಿ ಯಾರಿಗೆ ಬರೆಯಬೇಕು ಎಂಬುದನ್ನು ಅವರು ಅದನ್ನು ನೋಡಿಯೇ ತೀರ್ಮಾನಿಸಿರುತ್ತಾರೆ.